ಚಟ್ನಿ ಕವರಿನ ಆಯುಷ್ಯ

ನನಗೊಂದು ರೋಗವಿದೆ: ಹೇಳಿದ ಬೆಲೆಗೆ ಏನನ್ನೂ ಕೊಳ್ಳಲಾರೆ. ಬದನೆಕಾಯಿಯಿರಲಿ, ಎಮ್ಮೆಯಿರಲಿ, ನನ್ನ ಮದುವೆಯ ವಾಲಗದವರಿರಲಿ, ಚೌಕಾಶಿ ಮಾಡದೆ ಒಪ್ಪಿಕೊಂಡರೆ ಉಂಡದ್ದು ಅರಗುವುದಿಲ್ಲ. ಈ ರೋಗದಿಂದ ನನಗೆ ಲಾಭವೇ ಆಗಿದೆ. ಆದರೆ ಒಮ್ಮೆ, ಗೆಲ್ಲಬಾರದ ಚೌಕಾಶಿಯೊಂದನ್ನು ಗೆದ್ದುಬಿಟ್ಟೆ. ಅದು ಒಂದು ಕವರಿನ ಆಯುಷ್ಯಕ್ಕೆ ಸಂಬಂಧಿಸಿದ್ದು.

ಕೊಟ್ಟೂರಿನಲ್ಲಿ ನನ್ನದೊಂದು ಶೇಂಗಾ ಚಟ್ನಿಪುಡಿಯ ಕಾರ್ಖಾನೆ. ಕಾರ್ಖಾನೆ ಎಂದರೆ ತಗಡಿನ ಶೆಡ್ಡು, ಹುರಿಯುವ ಒಲೆ, ಒಂದು ಗಿರಣಿ, ಕವರಿನ ಬಾಯಿ ಮುಚ್ಚುವ ಯಂತ್ರ. ತಲೆಯ ಮೇಲೆ ಬುಟ್ಟಿ ಹೊತ್ತು ಮಾರಲು ಶುರುಮಾಡಿದವನಿಗೆ ಅದೇ ದೊಡ್ಡದು. ಕೂಡ್ಲಿಗಿಯಿಂದ ಹಡಗಲಿಯವರೆಗೆ, ಇತ್ತ ಹರಪನಹಳ್ಳಿಯವರೆಗೆ, ಅಂಗಡಿಗಳ ಮುಂದೆ ನನ್ನ ಚಟ್ನಿ ಕವರಿನ ಸರ ತೋರಣದಂತೆ ತೂಗುತ್ತದೆ. ಕವರಿನ ಮೇಲೆ ನನ್ನದೇ ಫೋಟೋ. ದೇವರ ಚಿತ್ರ ಹಾಕಿಸಿದರೆ ಜನ ಹರಿಯಲು ಹಿಂಜರಿಯುತ್ತಾರೆ, ನಟಿಯ ಚಿತ್ರ ಹಾಕಿಸಿದರೆ ಅವಳು ದುಡ್ಡು ಕೇಳುತ್ತಾಳೆ. ನನ್ನ ಮುಖ ಪುಕ್ಕಟೆ, ಮೀಸೆಯೂ ಸೇರಿ.

ಆ ಮುಖವೇ ಒಂದು ದಿನ ನನ್ನನ್ನು ಚಿಂತೆಗೆ ಹಚ್ಚಿತು. ಮುಂಗಾರಿಗೆ ಮುಂಚೆ ಹೊಲಕ್ಕೆ ಗೊಬ್ಬರ ಹೊಡೆಯಲು ತಿಪ್ಪೆ ಅಗೆಯುತ್ತಿದ್ದೆವು. ಸಲಿಕೆಗೆ ಒಂದು ಕವರು ಸಿಕ್ಕಿಕೊಂಡು ಮೇಲೆ ಬಂತು. ನನ್ನ ಮೊದಮೊದಲ ಪ್ಲಾಸ್ಟಿಕ್ ಕವರು. ಸಗಣಿ ಕೊಳೆತಿತ್ತು, ಸೊಪ್ಪು ಕೊಳೆತಿತ್ತು, ಹಳೆಯ ಕಂಬಳಿಯೊಂದು ಗುರುತಿಲ್ಲದಂತೆ ಹೋಗಿತ್ತು. ನಾನು ಮಾತ್ರ ಕಪ್ಪು ಮೀಸೆಯಲ್ಲಿ ನಗುತ್ತಿದ್ದೆ. ಹೊರಗೆ ನಿಂತ ನನ್ನ ಮೀಸೆ ಆಗಲೇ ಬೆಳ್ಳಗಾಗಿತ್ತು.

ನನ್ನ ಹೆಂಡತಿ ನೀಲಮ್ಮ ಕವರನ್ನು ತೊಳೆದು ಬಿಸಿಲಿಗೆ ಹಿಡಿದು ನೋಡಿದಳು. "ನಿಮ್ಮನ್ನ ಮಣ್ಣು ಮಾಡಿದ್ಮ್ಯಾಲೂ ನೀವು ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ. ಇಲ್ಲೇ ನಕ್ಕೋಂತ ಇರ್ತೀರಿ," ಎಂದಳು.

ತಮಾಷೆಯೇ. ಆದರೆ ಯೋಚಿಸಿ ನೋಡಿ. ನಮ್ಮ ಕಡೆ ಸತ್ತವರನ್ನು ಹೂಳುವ ಪದ್ಧತಿ. ಎಂಥ ಶ್ರೀಮಂತನೂ ಕೆಲವು ಮಳೆಗಾಲಕ್ಕೆ ಮಣ್ಣಾಗುತ್ತಾನೆ. ಅವನು ತಿಂದು ಎಸೆದ ಕವರು ಆಗುವುದಿಲ್ಲ. ನನ್ನ ಎಷ್ಟು ಮುಖಗಳು ಯಾವ ಯಾವ ಹಳ್ಳದಲ್ಲಿ ನಗುತ್ತಿವೆಯೋ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ದಾವಣಗೆರೆಯಿಂದ ಕವರಿನ ಏಜೆಂಟನನ್ನು ಕರೆಸಿದೆ. ಆತ ಮಣ್ಣಾಗುವ ಕವರಿನ ಮಾದರಿ ತಂದಿದ್ದ. ಮೆಕ್ಕೆಜೋಳದ ಹಿಟ್ಟಿನಿಂದಲೂ ಮಾಡುತ್ತಾರಂತೆ. ನಮ್ಮಲ್ಲಿ ಮೆಕ್ಕೆಜೋಳಕ್ಕೇನು ಬರ, ಕುತೂಹಲ ಕೆರಳಿತು. "ಯಜಮಾನ್ರೇ, ಇದು ತಿಪ್ಪೇಲಿ ಆರು ತಿಂಗಳಿಗೆ ಮಣ್ಣಾಗುತ್ತೆ," ಎಂದ. ನನ್ನ ನಾಲಗೆ ಸುಮ್ಮನಿರಬೇಕಲ್ಲ. "ಮೂರು ತಿಂಗಳಿಗೆ ಮಾಡಿಕೊಡ್ರಿ," ಎಂದೆ. ಆತ ತಬ್ಬಿಬ್ಬಾದ. ಇಂಥ ಚೌಕಾಶಿಯನ್ನು ಆತ ಕೇಳಿರಲಿಲ್ಲ. "ಹಂಗಾದ್ರೆ ತೆಳ್ಳಗೆ ಮಾಡ್ಬೇಕು. ಬಾಳಿಕೆ..." ಎಂದು ರಾಗ ಎಳೆದ. ತೆಳ್ಳಗೆ ಎಂದರೆ ಅಗ್ಗ. ಮಾಡಿ ಎಂದೆ. ಬೆಲೆಯೂ ಇಳಿಯಿತು, ಆಯುಷ್ಯವೂ ಇಳಿಯಿತು. ಆ ದಿನ ಒಂದು ರೊಟ್ಟಿ ಹೆಚ್ಚು ಉಂಡೆ.

ಕವರುಗಳನ್ನು ತುಂಬಿ ಕಳಿಸುತ್ತಿದ್ದ ದೊಡ್ಡ ಪ್ಲಾಸ್ಟಿಕ್ ಚೀಲವನ್ನೂ ಬಿಟ್ಟು ರಟ್ಟಿನ ಡಬ್ಬಿಗೆ ಬದಲಾಯಿಸಿದೆ. ಗುಜರಿಗೆ ಹಾಕಿದರೆ ಅದೇ ಮತ್ತೆ ರಟ್ಟಾಗುತ್ತದೆಂದು ಏಜೆಂಟ್ ಹೇಳಿದ್ದ. ಆದರೆ ಗುಜರಿಗೆ ಹೋದರೆ ತಾನೆ? ಅಂಗಡಿಯವರು ಅದರಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದರು.

ಹೊಸ ಕವರೊಂದನ್ನು ತಿಪ್ಪೆಯಲ್ಲಿ ಹೂತೆ. ಇನ್ನೊಂದನ್ನು ಬಾಳಿಕೆ ನೋಡಲೆಂದು ಶೆಡ್ಡಿನ ಗೂಡಿನಲ್ಲಿ ಇಟ್ಟೆ. ಆಮೇಲೆ ನೆಮ್ಮದಿ ಹೋಯಿತು. ವಾರಕ್ಕೊಮ್ಮೆ ತಿಪ್ಪೆ ಕೆದರಿ ನೋಡುವುದು, ಮತ್ತೆ ಮುಚ್ಚುವುದು. ನಿಧಿಯ ಆಸೆಗೆ ಬಿದ್ದಿದ್ದಾನೆಂದು ಓಣಿಯವರು ಮಾತಾಡಿಕೊಂಡರು. ಮೊದಲು ಮೂಗು ಹೋಯಿತು, ಆಮೇಲೆ ಒಂದು ಕಿವಿ. ಮೀಸೆ ಕೊನೆಯವರೆಗೂ ಹಟ ಹಿಡಿಯಿತು, ದೀಪಾವಳಿ ಹೊತ್ತಿಗೆ ಅದೂ ಮಣ್ಣು. ನನ್ನನ್ನು ನಾನೇ ಹೊಗಳಿಕೊಂಡು ಎಲ್ಲ ಊರಿಗೂ ಹೊಸ ಕವರಿನಲ್ಲೇ ಸರಕು ಕಳಿಸಿದೆ. ಗೂಡಿನಲ್ಲಿಟ್ಟದ್ದನ್ನು ನೋಡಲು ಮಾತ್ರ ಮರೆತೆ.

ಶಿವರಾತ್ರಿಯ ಆಸುಪಾಸು ಚಿಗಟೇರಿಯಿಂದ ಗಂಗಕ್ಕ ಫೋನ್ ಮಾಡಿದಳು. ಕಿರಾಣಿ ಅಂಗಡಿಯ ಒಡತಿ. ಬುಟ್ಟಿ ಹೊತ್ತ ಕಾಲದಲ್ಲಿ ನನಗೆ ನೆರಳು ಕೊಟ್ಟವಳು. ಉಳಿದ ಊರುಗಳೆಲ್ಲ ಸೇರಿ ಎಷ್ಟು ಮಾರುತ್ತವೋ, ಅವಳೊಬ್ಬಳೇ ಹೆಚ್ಚುಕಡಿಮೆ ಅಷ್ಟು ಮಾರುತ್ತಾಳೆ.

"ತಮ್ಮಾ, ಮಣ್ಣಿಗೆ ಬಾ," ಎಂದಳು.

"ಯಾರು ಹೋದರಬೇ ಅಕ್ಕಾ?"

"ನೀನಽ ಹೋಗೀದಿ. ಕವರಿನ ಮ್ಯಾಲಿನ ನೀನು."

ಹೋದೆ. ಅಂಗಡಿಯ ಮುಂದೆ ತೂಗುಹಾಕಿದ್ದ ಸರ ಬಿಸಿಲಿಗೆ ಹಪ್ಪಳದಂತಾಗಿ ಕೆಳಗೆ ಬಿದ್ದಿತ್ತು. ಅದಕ್ಕಿಂತ ದೊಡ್ಡ ಅನಾಹುತ ಒಳಗಿತ್ತು. ನಮ್ಮ ಕಡೆ ಹೆಂಗಸರು ಗಟ್ಟಿ ಕವರನ್ನು ಎಸೆಯುವುದಿಲ್ಲ. ಬೂದಿ ಹಚ್ಚಿ ಎಣ್ಣೆ ತೆಗೆದು, ತೊಳೆದು, ಅಂಗಿಯಂತೆ ಒಣಗಿಸಿ ಇಡುತ್ತಾರೆ. ಅದು ಹೊಲಕ್ಕೆ ರೊಟ್ಟಿ ಒಯ್ಯುತ್ತದೆ, ಸಂತೆಯಲ್ಲಿ ಚಿಲ್ಲರೆ ಕಾಯುತ್ತದೆ, ಕಡೆಗೆ ಬೀಜ ತುಂಬಿಕೊಂಡು ಗೂಟಕ್ಕೆ ಏರುತ್ತದೆ. ಗಂಗಕ್ಕ ಸುಗ್ಗಿಯ ಅವರೆ, ತೊಗರಿ, ಅಲಸಂದಿ ಬೀಜಗಳನ್ನು ನನ್ನ ಹೊಸ ಕವರುಗಳಲ್ಲಿ ತುಂಬಿ ತೂಗುಹಾಕಿದ್ದಳು. ಕವರುಗಳು ಕೊಟ್ಟ ಮಾತು ಉಳಿಸಿಕೊಂಡು ಪುಡಿಯಾಗಿದ್ದವು. ಅವಳು ನೆಲದ ಮೇಲೆ ಕೂತು, ಬೆರೆತುಹೋದ ಬೀಜಗಳನ್ನು ಮೊರದಲ್ಲಿ ಬೇರೆ ಮಾಡುತ್ತಿದ್ದಳು. ಒಂದಷ್ಟನ್ನು ಇಲಿ ಆಗಲೇ ತಿಂದಿತ್ತು.

"ಬೇಗ ಮಣ್ಣಾಗಲಿ ಅಂತ ನಾನಽ ಮಾಡಿಸಿದ್ದು ಅಕ್ಕಾ, ಭೂಮಿಗೆ ಚಲೋ ಅಂತ," ಎಂದೆ.

"ಭೂಮಿಗೆ ಚಲೋ ಆತು. ಭೂಮಿಗೆ ಹಾಕೋ ಬೀಜಕ್ಕ?" ಮೊರದಿಂದ ಕಣ್ಣೆತ್ತದೆ ಕೇಳಿದಳು. "ನೋಡು, ದಾವಣಗೆರಿ ಚಟ್ನಿಯವ ದಿನಾ ಬಾಗಲಿಗೆ ಬರ್ತಾನ. ಅವನ ಪ್ಲಾಸ್ಟಿಕ್ ಗಟ್ಟಿ ಐತಿ. ನಿನ್ನ ಚಟ್ನಿ ರುಚಿ ಐತಿ ಅಂತ ಇನ್ನೂ ತಡದೀನಿ. ಗಟ್ಟಿ ಕವರು ತಂದುಕೊಡು. ಈ ಬೀಜ ತುಂಬಿ ತೂಗಾಕ್ತೀನಿ. ಬಿತ್ತೋತನಕ ತಾಳಿದ್ರ ನಿನ್ನ ಸರ, ಇಲ್ಲಂದ್ರ ಅವಂದು."

ಬಸ್ಸಿನಲ್ಲಿ ವಾಪಸು ಬರುವಾಗ ಮುತ್ತುಗದ ಎಲೆ ನೆನಪಾಯಿತು. ಊಟ ಮುಗಿಯುವವರೆಗೆ ಸಾರು ಸೋರಬಾರದು, ಮುಗಿದ ಮೇಲೆ ಮಣ್ಣಿಗೆ ಸೇರಬೇಕು; ಎಲೆಗೆ ಇರುವುದು ಇವೆರಡೇ ಶರತ್ತು. ನಾನು ಎರಡನೆಯದಕ್ಕಷ್ಟೇ ಚೌಕಾಶಿ ಮಾಡಿದ್ದೆ. ಊಟ ಯಾವಾಗ ಮುಗಿಯುತ್ತದೆಂದು ಉಣ್ಣುವವರನ್ನು ಕೇಳಿರಲೇ ಇಲ್ಲ. ಚಟ್ನಿ ಖಾಲಿಯಾದರೆ ಕವರಿನ ಕೆಲಸ ಮುಗಿಯಿತೆಂದು ನಾನು ಅಂದುಕೊಂಡಿದ್ದೆ, ಚಿಗಟೇರಿಯಲ್ಲಿ ಅದು ಆಗ ಶುರುವಾಗುತ್ತಿತ್ತು. ನೀವು ಏನನ್ನಾದರೂ ಮಾಡಿ ಮಾರುವವರಾಗಿದ್ದರೆ ನನ್ನದೊಂದು ಮಾತು ಕೇಳಿ: ನಿಮ್ಮ ಸರಕು ಖರ್ಚಾದ ಮೇಲೆ ಗಿರಾಕಿಯ ಮನೆಗೆ ಹೋಗಿ ಅಡುಗೆಮನೆಯ ಗೂಟಗಳನ್ನು ಒಮ್ಮೆ ನೋಡಿ ಬನ್ನಿ.

ಏಜೆಂಟನಿಗೆ ಫೋನ್ ಮಾಡಿ, ಮಣ್ಣಾಗುವ ಕವರೇ ಇರಲಿ, ಆದರೆ ದಪ್ಪ ಮಾಡಿ, ಮೊದಲು ಹೇಳಿದ್ದಕ್ಕಿಂತ ದಪ್ಪ, ಹೆಚ್ಚಿಗೆ ಕೊಡುತ್ತೇನೆ ಎಂದೆ. "ಯಜಮಾನ್ರೇ, ಹುಷಾರಾಗಿದೀರಾ? ಫೋನು ಅಮ್ಮಾರ ಕೈಗೆ ಕೊಡಿ," ಎಂದ.

ಗಂಗಕ್ಕ ಬೀಜ ತುಂಬಿದ ದಪ್ಪ ಕವರನ್ನು ತನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಗೂಟಕ್ಕೆ ತೂಗುಹಾಕಿದಳು. ಆ ಬೇಸಿಗೆ ನಾನು ಚಿಗಟೇರಿಗೆ ಹೋದಾಗೆಲ್ಲ ಮೊದಲು ನೋಡಿದ್ದು ಗೂಟದ ಮೇಲಿನ ನನ್ನ ಮುಖವನ್ನು. ಬಿಸಿಲಿಗೆ ಕಲ್ಲು ಸಿಡಿಯುವಂತಿತ್ತು. ಹಣೆಯಲ್ಲಿ ಒಂದು ಗೆರೆ ಕಂಡರೂ ನನ್ನ ನಿಜವಾದ ಹಣೆ ಬೆವರುತ್ತಿತ್ತು. ಎದುರಿನ ಅಂಗಡಿಯಲ್ಲಿ ಆಗಲೇ ದಾವಣಗೆರೆಯವನ ಸರ ತೂಗುತ್ತಿತ್ತು. 'ಬಿತ್ತೋತನಕ ಗಟ್ಟಿ ಇರಪ್ಪ, ಆಮ್ಯಾಲೆ ಧಾರಾಳ ಹೋಗು,' ಎಂದು ನನ್ನ ಮುಖವನ್ನು ನಾನೇ ಬೇಡಿಕೊಂಡೆ. ಇಂಥ ಹರಕೆಯನ್ನು ಯಾವ ದೇವರಿಗೂ ಹೊತ್ತಿರಲಿಲ್ಲ.

ಮಳೆ ಬಂತು. ಗಂಗಕ್ಕ ಕವರನ್ನು ಇಳಿಸಿ ಅಲ್ಲಾಡಿಸಿದಳು, ಮೂಲೆಗಳನ್ನು ಹಿಚುಕಿ ನೋಡಿದಳು, ಆಮೇಲೆ ಬೀಜವನ್ನೆಲ್ಲ ಉಡಿಗೆ ಸುರುವಿಕೊಂಡಳು. ಒಂದು ಕಾಳೂ ಸೋರಿರಲಿಲ್ಲ. ನಾನು ಅವಳ ಹಿಂದೆಯೇ ಹಿತ್ತಲಿಗೆ ಹೋದೆ. ಅವಳು ಖಾಲಿ ಕವರನ್ನು ತಿಪ್ಪೆಗೆ ಎಸೆದು, ಅದರ ಮೇಲೆ ಒಂದು ಪುಟ್ಟಿ ಸಗಣಿ ಹಾಕಿದಳು. ನನ್ನ ಮೀಸೆಯ ಒಂದು ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

"ನಾಳೆ ಸರ ಕಳಿಸು," ಎಂದಳು.

ನಾನು ಅಲ್ಲೇ ನಿಂತಿದ್ದೆ. ಇದು ಎಷ್ಟು ದಿನಕ್ಕೆ ಮಣ್ಣಾಗುತ್ತದೋ, ಮೊದಲು ಮೂಗೋ ಕಿವಿಯೋ ಎಂದು ನೋಡಲು ಕೈ ತುರಿಸುತ್ತಿತ್ತು. ಗಂಗಕ್ಕ ತಿರುಗಿ ನೋಡಿದಳು.

"ಕೆದರಬ್ಯಾಡ ನಡಿ ತಮ್ಮಾ. ಅದಕ್ಕ ಕೋಳಿ ಅದಾವು."