ಲಾಕು ಅಂದರೆ ಬೀಗ

ನನಗೆ ಆಗ ಮೂವತ್ತೆಂಟು. ಇದಾಗಿ ನಲವತ್ತು ವರ್ಷ ಕಳೆದಿದೆ, ಆದರೂ ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಯಜಮಾನರು ತಿಪಟೂರಿನಲ್ಲಿ ಮಿಲಿಟರಿಯ ಹಳೆಯ ಟ್ರಕ್ಕೊಂದನ್ನು ಕೊಂಡಿದ್ದರು. ಬೇಕೆಂದಾಗ ಮುಂದಿನ ಗಾಲಿಯೂ ಎಳೆಯುವಂಥ ಗಾಡಿ. ಬೇಸಿಗೆಯಲ್ಲಿ ಒಣಗಿದ ಕೆರೆಯಿಂದ ಗೋಡುಮಣ್ಣು ತುಂಬಿ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು. ಅವತ್ತು ಮಧ್ಯಾಹ್ನ ತುಂಬಿದ ಗಾಡಿ ಕೆರೆಯ ನಡುವೆ ಹೂತುಕೊಂಡಿತು. ಮೇಲೆ ಒಣಗಿದ್ದರೂ ಒಳಗೆ ಕೆಸರು. ಮಾಯಸಂದ್ರದ ಕಡೆ ಮೋಡ ಕಪ್ಪಿಟ್ಟಿತ್ತು. ಹಳ್ಳ ಬಂದರೆ ಗಾಡಿ ನೀರಿನ ಪಾಲು.

ಯಜಮಾನರು ಮುಂದಿನ ಗಾಲಿಯೂ ಎಳೆಯಲೆಂದು ಒಳಗಿನ ಚಿಕ್ಕ ಗೇರು ಎಳೆದರು. ಹಿಂದಿನ ಗಾಲಿಗಳು ಗಿರಗಿರ ತಿರುಗಿ ಗುಂಡಿ ತೋಡಿಕೊಂಡವು. ಮುಂದಿನವು ಮಿಸುಕಲಿಲ್ಲ.

ನನ್ನ ಮೈದುನ ಎಸ್ಸೆಸ್ಸೆಲ್ಸಿ ಪಾಸು. ಮನೆಯಲ್ಲಿ ಇಂಗ್ಲೀಷು ಓದುವವನು ಅವನೊಬ್ಬನೇ. ಮುಂದಿನ ಗಾಲಿಯ ನಡುವೆ ಕೈಯಲ್ಲಿ ತಿರುಗಿಸುವ ಬಿಲ್ಲೆ ಇತ್ತು. ಅದನ್ನು ಬಗ್ಗಿ ನೋಡಿದ.

“ಒಂದ್ ಕಡೆ ಲಾಕು, ಒಂದ್ ಕಡೆ ಫ್ರೀ ಅಂತೈತೆ ಕಣಣ್ಣ. ಲಾಕು ಅಂದ್ರೆ ಬೀಗ. ಬೀಗ ಹಾಕಿದ್ ಗಾಲಿ ತಿರುಗ್ತದಾ? ಫ್ರೀಗೇ ಇರ್ಲಿ.”

ಗಾಡಿ ಮನೆಗೆ ಬಂದ ದಿನ, ಮಾರಿದವರ ಡ್ರೈವರು ಆ ಬಿಲ್ಲೆ ತಿರುಗಿಸಿ ತೋರಿಸಿದ್ದ. ಕೆಸರಿಗೆ ಇಳಿಸುವ ಮುಂಚೆ ಎರಡು ಗಾಲಿಯಲ್ಲೂ ಇದನ್ನು ತಿರುಗಿಸಿ ಗಾಲಿಯನ್ನು ಅಚ್ಚಿಗೆ ಕಚ್ಚಿಸಬೇಕು, ಇಲ್ಲದಿದ್ದರೆ ಗೇರು ಎಳೆದರೂ ಮುಂದಿನ ಗಾಲಿ ಎಳೆಯುವುದಿಲ್ಲ ಎಂದಿದ್ದ. ಅಣ್ಣತಮ್ಮಂದಿರು ಊರವರಿಗೆ ಗಾಡಿ ತೋರಿಸುವ ಗತ್ತಿನಲ್ಲಿದ್ದರು. ಆರತಿ ತಟ್ಟೆ ಹಿಡಿದು ನಿಂತಿದ್ದ ನಾನೊಬ್ಬಳೇ ಕೇಳಿಸಿಕೊಂಡದ್ದು. ನನಗೆ ಕನ್ನಡ ಓದುವುದೇ ಅಷ್ಟಕ್ಕಷ್ಟೆ. ಆದರೆ ಅವನು ಬಳೆಯಂಥ ದುಂಡು ಅಕ್ಷರ ಇದ್ದ ಕಡೆಗೆ ತಿರುಗಿಸಿದ್ದು ಕಣ್ಣಲ್ಲಿತ್ತು; ಈಗ ಬಿಲ್ಲೆ ಆ ಕಡೆಗಿರಲಿಲ್ಲ.

“ಅದನ್ನ ಇನ್ನೊಂದ್ ಕಡೀಕೆ ತಿರುಗಿಸ್ಬೇಕು,” ಅಂದೆ.

“ರಾಗಿ ಬೀಸೋ ಕಲ್ಲಲ್ಲ ಕಣತ್ಗೆ ಇದು,” ಅಂದ ಮೈದುನ. ಯಜಮಾನರೂ ನಕ್ಕರು.

ಗಾಲಿಯಡಿಗೆ ತೆಂಗಿನ ಗರಿ ತುರುಕಿದರು. ಎತ್ತು ಕಟ್ಟಿ ಎಳೆಸಿದರು, ಹಗ್ಗ ಹರಿಯಿತು. ಎತ್ತು ಮಂಡಿಯೂರಿದರೂ ಬಿಲ್ಲೆಗೆ ಮಾತ್ರ ಕೈ ಹಾಕಲಿಲ್ಲ. ಮಳೆ ಹನಿಯತೊಡಗಿತು.

“ಬುಡು, ಹೋಯ್ತು ಗಾಡಿ,” ಅಂದರು ಯಜಮಾನರು.

ಆ ಮಾತಿಗೆ ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೆಸರಿಗೆ ಇಳಿದೆ. ಬಿಲ್ಲೆ ಬಿಗಿದುಕೊಂಡಿತ್ತು, ಅಂಗೈ ತರಚಿತು.

“ಲೇ, ಮುರೀತೀಯ ಕಣೇ,” ಅಂದರು ಯಜಮಾನರು.

“ಮುರುದ್ರೆ ಮುರೀಲಿ. ಹೆಂಗೂ ಮುಳುಗ್ಸಕ್ಕೆ ಬುಟ್ಟಿರೋ ಗಾಡಿ ತಾನೆ. ಹತ್ತಿ ಗೇರು ಎಳೀರಿ.”

ಎರಡನ್ನೂ ತಿರುಗಿಸಿದೆ. ಅವರು ಗೊಣಗುತ್ತ ಹತ್ತಿದರು. ಮುಂದಿನ ಗಾಲಿಗಳು ಒಮ್ಮೆ ಜಗ್ಗಿ, ನೆಲ ಕಚ್ಚಿ, ಗಾಡಿಯನ್ನು ಏರಿಯ ಮೇಲಕ್ಕೆ ಎಳೆದು ತಂದವು. ನಾವು ಮನೆ ಸೇರುವಷ್ಟರಲ್ಲಿ ಹಳ್ಳ ಬಂತು.

ಸಂಜೆ ಜಗಲಿಯಲ್ಲಿ ಊರವರು ಕೂತಿದ್ದರು. ನಾನು ಕಾಫಿ ಕೊಡುತ್ತಿದ್ದೆ.

“ನಮ್ಮುಡ್ಗ ಇಂಗ್ಲೀಷು ಓದಿ ಕಂಡ್ಹಿಡ್ದ ಕಣ್ರೀ. ಇಲ್ದಿದ್ರೆ ಗಾಡಿ ಹೋಗಿತ್ತು,” ಅಂದರು ಯಜಮಾನರು. ಅವರಿಗೆ ನಾಚಿಕೆಯಿಲ್ಲ, ಸರಿ. ಆ ಮೈದುನನಾದರೂ ಅಲ್ಲ ಅನ್ನಬಾರದೇ? ಲೋಟ ಹಿಡಿದು ಹೌದೆಂದು ತಲೆಯಾಡಿಸಿದ. ಸುಳ್ಳು ಹೇಳಲು ಇವರಿಗೆ ನಾನು ಕಾಸಿದ ಕಾಫಿ ಬೇರೆ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಅಣ್ಣತಮ್ಮ ಇಬ್ಬರನ್ನೂ ಗಾಡಿಯ ಹತ್ತಿರ ನಿಲ್ಲಿಸಿ, ಕೆಸರಿಗೆ ಇಳಿಸುವ ಮುಂಚೆ ಬಿಲ್ಲೆ ಯಾವ ಕಡೆಗೆಂದು ತಿರುಗಿಸಿ ತೋರಿಸುವವರೆಗೆ ರೊಟ್ಟಿ ಇಲ್ಲ ಅಂದೆ.