ಪೇಪರ್ ಅಜ್ಜಂದು, ಟಿವಿ ಮೊಮ್ಮಗಂದು

ನಮ್ಮ ಕನ್ನಡ ಪತ್ರಿಕೆಗೆ ಚಂದಾ ಕೇಳಲು ತಡವಳ ಎಂಬ ಹಳ್ಳಿಯ ಒಂದು ಮನೆಗೆ ಹೋಗಿದ್ದೆ. ಅಂಗಳದಲ್ಲಿ ಉಳ್ಳಾಗಡ್ಡಿ ರಾಶಿ, ಅದರ ಮುಂದೆ ಈಗಲೇ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಗಂಡ-ಹೆಂಡತಿಯ ಜಗಳ. ಸೊಲ್ಲಾಪುರದಲ್ಲಿ ರೇಟು ಏರುತ್ತದೆಂದು ಯಜಮಾನರು ಚಹಾದಂಗಡಿಯ ಪೇಪರಿನಲ್ಲಿ ಓದಿದ್ದರು. ಇಳಿಯುತ್ತದೆಂದು ಹೆಂಡತಿ ಟಿವಿಯಲ್ಲಿ ನೋಡಿದ್ದರು.

“ಆ ಪೇಪರ್, ಆ ಚಾನೆಲ್ ಎರಡೂ ನಮ್ಮ ಕಂಪನಿದೇ ರೀ,” ಎಂದೆ. “ಪೇಪರ್ ನಮ್ಮ ಮಾಲಕ ಅಜ್ಜ ಸುರು ಮಾಡ್ಯಾರ, ಟಿವಿ ಅವರ ಮೊಮ್ಮಗ.”

ಇಬ್ಬರೂ ನನ್ನ ಕಡೆ ತಿರುಗಿದರು. ಜಗಳ ಮುಗಿಯಿತೆಂದುಕೊಂಡೆ.

“ನೋಡು, ಹಿರ್ಯಾರು ಸುಳ್ಳು ಹೇಳಂಗಿಲ್ಲ,” ಎಂದರು ಯಜಮಾನರು.

“ಅಜ್ಜಗ ಈಗಿನ ಬಜಾರ್ ಏನ್ ಗೊತ್ತೈತ್ರಿ? ಮೊಮ್ಮಗಂದೇ ಖರೆ,” ಎಂದರು ಹೆಂಡತಿ.

ಕೊನೆಗೆ ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವುದೆಂದಾಯಿತು. ನನಗೆ ಚಹಾ ಕೊಟ್ಟು ಚಂದಾನೂ ಕಟ್ಟಿದರು. ನಮ್ಮ ಆಫೀಸಿನಲ್ಲಿ ಆ ಅಜ್ಜ-ಮೊಮ್ಮಗ ದಿನಾ ಹೀಗೇ ಜಗಳಾಡುತ್ತಾರೆಂದು ಮಾತ್ರ ನಾನು ಬಾಯಿ ಬಿಡಲಿಲ್ಲ.