ಒಳಗೆ ಹೋದ ಸೀರೆ

ನನ್ನ ಬಿ.ಕಾಂ. ಓದೆಲ್ಲ ಕೌದಿಯ ಮೇಲೆ ಭಾರವಾಗಿ ಕೂತು ಆದದ್ದು. ಗೋವೆಯ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಮನೆ ಎಂದರೆ ಒಂದೇ ಖೋಲಿ. ಅವ್ವ ಹೊಲಿಯಲು ಕೌದಿ ಹಾಸಿದಳೆಂದರೆ ಗೋಡೆಯಿಂದ ಗೋಡೆಗೆ ಅದೇ ತುಂಬಿಕೊಳ್ಳುತ್ತಿತ್ತು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹರವಿ ಸೂಜಿ-ದಾರದಿಂದ ಟಾಕಿ ಹಾಕುವಾಗ ಪದರಗಳು ಜರುಗಬಾರದು, ಅದಕ್ಕೆ ನಾಲ್ಕೂ ಮೂಲೆಗೆ ಭಾರ ಬೇಕು. ಒಂದು ಮೂಲೆಗೆ ಜೋಳದ ಡಬ್ಬಿ, ಒಂದಕ್ಕೆ ಖಾರ ಕುಟ್ಟುವ ಕಲ್ಲು, ಒಂದಕ್ಕೆ ಅಪ್ಪನ ಟ್ರಂಕು, ನಾಲ್ಕನೆಯದಕ್ಕೆ ನಾನು.

"ಅಲ್ಲೇ ಕುಂತು ಓದು. ಎದ್ದಿ ಅಂದ್ರ ಸೀರಿ ಜರಗತೈತಿ," ಎನ್ನುತ್ತಿದ್ದಳು ಅವ್ವ.

ಏಳುವ ಹಾಗಿಲ್ಲದ ಮೇಲೆ ಓದದೆ ಇನ್ನೇನು ಮಾಡಲಿ? ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಬಂದರಿನಲ್ಲಿ ಸರಕಿನ ಬೇಲು ಇಳಿಸುವ ಅಪ್ಪ, ಹೆಬ್ಬೆಟ್ಟು ಒತ್ತುವ ಅವ್ವ, ಓಣಿಯಲ್ಲಿ ಕೊಂಕಣಿ, ನಲ್ಲಿಯ ಮುಂದೆ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಇಷ್ಟರ ನಡುವೆ ಅಕೌಂಟ್ಸ್ ಕಲಿತವಳು ನಾನು. ಯಾರೂ ಕೈಗೆ ತಂದುಕೊಟ್ಟದ್ದಲ್ಲ.

ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೌದಿ ಇತ್ತು. ಅಪ್ಪನದರಲ್ಲಿ ಅವನ ಕೆಲಸದ ಖಾಕಿ ಅಂಗಿಗಳೇ ಹೆಚ್ಚು. ಹೊದ್ದರೆ ಗೋಣಿಚೀಲದಂತೆ ಚುಚ್ಚುತ್ತಿತ್ತು, ಆದರೂ ಅಪ್ಪ ಬೇರೆಯದನ್ನು ಮುಟ್ಟಿದವನಲ್ಲ. ನನ್ನದರಲ್ಲಿ ಸಾಲೆಯ ನೀಲಿ ಯೂನಿಫಾರ್ಮಿನ ತುಂಡುಗಳಿದ್ದವು. ಗೋವೆಯ ಮಳೆಗಾಲದಲ್ಲಿ ಗೋಡೆಗಳು ಬೆವರತೊಡಗಿ, ಹಾಸಿಗೆಗೆಲ್ಲ ಬೂಷ್ಟಿನ ವಾಸನೆ ಹತ್ತಿದಾಗ ಬೆಚ್ಚಗಿರುತ್ತಿದ್ದದ್ದು ಕೌದಿ ಒಂದೇ. ಓಣಿಯವರು ನೋಡಿ ತಮಗೂ ಬೇಕೆಂದರು. ಅವರ ನೆಂಟರು ಕೇಳಿದರು. ಆಮೇಲೆ ಝುವಾರಿನಗರದಿಂದ, ಮಡಗಾವಿನಿಂದ ಗಂಟುಗಳು ಬರತೊಡಗಿದವು. ಓಣಿಯ ಟೇಲರೊಬ್ಬ ಮಶೀನಿನ ಮೇಲೆ ಹೊಲಿದರೆ ಬೇಗ ಆಗುತ್ತದೆಂದು ಎಷ್ಟೋ ಸಲ ಹೇಳಿದ.

"ಮಶೀನಿನ ಟಾಕಿ ಅರಿವೀನ ಹಿಡದ ಬಿಗೀತೈತಿ. ಹೊತಗೊಂಡ್ರ ಗೋಣಿ ತಟ್ಟಿನ ಹೊತಗೊಂಡಂಗ," ಎಂದು ಅವ್ವ ಅವನನ್ನು ಅತ್ತ ಕಳಿಸಿದಳು.

ಅವ್ವನಿಗೆ ಒಂದು ಪದ್ಧತಿ ಇತ್ತು. ಒರಟು ಬಟ್ಟೆ ನಡುವೆ ಹೋಗಬೇಕು. ಚಂದವಾಗಿ, ಗಟ್ಟಿಯಾಗಿ ಇದ್ದದ್ದು ಮೇಲೆ ಬರಬೇಕು, ಅದಕ್ಕೆ ಅವಳು 'ಮಾರಿ', ಅಂದರೆ ಮುಖ, ಎನ್ನುತ್ತಿದ್ದಳು. ಉಟ್ಟು ಉಟ್ಟು ಸವೆದು ಬೆಣ್ಣೆಯಂತಾದ ಹಳೆಯ ಸೀರೆ ಮಾರಿಯ ಕೆಳಗೇ ಇರಬೇಕು. ಕಣ್ಣಿಗೆ ಚಂದವೂ ಸಿಗುತ್ತದೆ, ಮೈಗೆ ಮೆತ್ತಗೂ ಆಗುತ್ತದೆ. ನಮ್ಮ ಕಡೆ ಕೌದಿ ಹೊಲಿಯುವ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಹರಕು ಸೀರೆಯನ್ನು ಮೇಲೆ ಹಾಕಿದರೆ ಹೊಲಿದವಳ ಹೆಸರು ಹೋದಂತೆ.

ನಾನು ಕಡೆಯ ವರ್ಷದ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆ ಅದು. ಕುಡಚಡೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಬೆಳಗಾವಿಯ ಸಾವುಕಾರರೊಬ್ಬರ ಮನೆಯಿಂದ ಗಂಟು ಬಂದಿತ್ತು. ಹಿಂದಿನ ಮಳೆಗಾಲದಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಅವ್ವನ ಜೊತೆ ಅಂಗಡಿಗೆ ಹೋದಾಗ ಆ ಅಜ್ಜಿಯನ್ನು ನಾನೂ ನೋಡಿದ್ದೆ. ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕಾಲು ಮಡಚಿ ಕೂತು, ಬಂದವರನ್ನೆಲ್ಲ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಮೈಮೇಲೆ ಯಾವಾಗಲೂ ಕೆಂಪು ಸೆರಗಿನ ಅದೇ ಹಸಿರು ಇಳಕಲ್ ಸೀರೆ. ಅದರ ಬಣ್ಣ ಹೋಗಿ ಹೋಗಿ ಒಣಗಿದ ಕರಿಬೇವಿನಂತಾಗಿತ್ತು.

ಗಂಟು ತಂದವರು ಅಜ್ಜಿಯ ಸೊಸೆ, ಸಾವುಕಾರರ ಹೆಂಡತಿ. ಅದರಲ್ಲಿ ಅಜ್ಜಿಯ ಟ್ರಂಕಿನೊಳಗಿನ ರೇಷ್ಮೆ ಸೀರೆಗಳಿದ್ದವು, ಎರಡು ಧೋತರವಿದ್ದವು, ಆ ಇಳಕಲ್ಲೂ ಇತ್ತು.

"ರೇಶಿಮಿ ಮ್ಯಾಲೆ ಬರ್ಲಿ ನೋಡವಾ," ಎಂದಿದ್ದರು ಅವರು. "ಬೀಗರು ಬರತಾರ. ಹಾಸಿದ್ರ ಕಣ್ಣು ತುಂಬಬೇಕು."

"ಅದನ್ನ ನನಗ ಹೇಳಬೇಕೇನ್ರಿ ಅಕ್ಕಾರ," ಎಂದು ಅವ್ವ ನಕ್ಕಿದ್ದಳು.

ಅವ್ವ ಮತ್ತು ಮಗ್ಗುಲ ಮನೆಯ ಅತ್ತೆ ಎದುರುಬದುರು ಕೂತು ಅದನ್ನು ಹೊಲಿದರು. ಬೆರಳಗಲಕ್ಕೊಂದು ಸಾಲು, ಎಲ್ಲ ಸಾಲೂ ಹೊಲದಲ್ಲಿ ಕೂರಿಗೆ ಎಳೆದಷ್ಟು ನೆಟ್ಟಗೆ. ಮುಗಿದಾಗ ಅವ್ವ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ತುಸು ಹೊತ್ತು ಅದನ್ನೇ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನನ್ನ ಮಾರ್ಕ್ಸ್ ಕಾರ್ಡನ್ನೂ ಅವಳು ಹಾಗೆಯೇ ನೋಡುತ್ತಿದ್ದಳು.

ಅವ್ವ, ನಾನು ವಾಸ್ಕೋದಿಂದ ರೈಲು ಹಿಡಿದು ಕುಡಚಡೆಗೆ ಹೋದೆವು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಾಡುತ್ತಿದ್ದ ಕಾಲ ಅದು. ಆ ಊರಿನಲ್ಲಿ ಇಳಿದರೆ ಮೂಗಿನೊಳಗೂ ಕೆಂಪು ದೂಳು. ಕೌದಿಗೆ ಎರಡು ಚಾದರ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಅಂಗಡಿ ಮುಟ್ಟಿದೆ.

ಸಾವುಕಾರರು ದಪ್ಪನೆಯ ಮನುಷ್ಯ, ದನಿಯೂ ದಪ್ಪ. ನನ್ನನ್ನು ನೋಡಿದ ಕೂಡಲೇ, "ಏನ್ ಬಿ.ಕಾಂ.! ಕೌದಿ ಹೊರಾಕೂ ಡಿಗ್ರಿ ಬೇಕಾತೇನು?" ಎಂದು ನಗಾಡಿದರು. ಬಟ್ಟೆ ಅಳೆಯುವ ಉದ್ದನೆಯ ಮೇಜನ್ನು ಖಾಲಿ ಮಾಡಿಸಿ ಕೌದಿ ಹರವಿದರು. ರೇಷ್ಮೆ ಥಳಥಳ ಎಂದಿತು. ಅಕ್ಕಾರು ಒಳಗಿನಿಂದ ಬಂದು, "ಅಯ್ ಎಷ್ಟ ಚಂದ ಆಗೈತಿ!" ಎಂದರು. ಸಾವುಕಾರರು ಮಾತ್ರ ಒಂದು ಮೂಲೆ ಎತ್ತಿ ಹಿಂಬದಿ ನೋಡಿದರು. ಮತ್ತೆ ಮಗುಚಿ ಮುಂಬದಿ ನೋಡಿದರು.

"ಅವ್ವನ ಸೀರಿ ಎಲ್ಲಿ?"

"ಇವ ಅಲ್ಲೇನ್ರಿ? ಅತ್ತಿ ರೇಶಿಮಿ ಸೀರಿ," ಎಂದರು ಅಕ್ಕಾರು.

"ಇವನ್ನ ಆಕಿ ಎಂದ ಉಟ್ಟಾಳ? ಗಲ್ಲಾದ ಹಂತೇಕ ಉಟಗೊಂಡ ಕುಂಡರತಿದ್ದ ಸೀರಿ ಎಲ್ಲೈತಿ?"

ಅವ್ವ ಹೇಳಿದಳು, "ಒಳಗೈತ್ರಿ ಸಾವಕಾರ್ರ. ಮೆತ್ತಗಿನದು ಮೈಗೆ ಹತ್ತಲಿ ಅಂತ ಮಾರಿ ಕೆಳಗ ಹಾಕೇನ್ರಿ."

"ಒಳಗೈತಿ?" ಎಂದು ಅವರು ಎರಡೂ ಅಂಗೈಗಳನ್ನು ರೇಷ್ಮೆಯ ಮೇಲಿಟ್ಟು ಒತ್ತಿದರು. ಒಂದು ಕಡೆ ಒತ್ತಿದರು, ಇನ್ನೊಂದು ಕಡೆ ಸವರಿದರು. ದಿನವಿಡೀ ಬಟ್ಟೆ ಮುಟ್ಟಿಯೇ ಇದು ಇಂಥ ಮಗ್ಗದ್ದು ಎನ್ನುವ ಕೈ ಅದು. ಆ ಕೈಗೆ ಅವರ ತಾಯಿಯ ಸೀರೆ ಸಿಗಲಿಲ್ಲ.

ಅಕ್ಕಾರಿಗೆ ಸಿಟ್ಟು ಬಂತು. "ಹರಕ ಸೀರಿ ಮ್ಯಾಲೆ ಹಾಕಿ ಯಾರರ ಕೌದಿ ಹೊಲಸ್ತಾರೇನ್ರಿ?"

"ನನ್ನ ಒಂದ ಮಾತು ಕೇಳಬೇಕಿತ್ತಿಲ್ಲೋ?"

"ಕೇಳಿದ್ನೆಲ್ಲಾ! ಬಾಯಾಗ ಅಡಕಿ ಇಟಗೊಂಡು ಹೂಂ ಅಂದ್ರಿ."

ಸಾವುಕಾರರು ಕೌದಿಯ ಮೇಲಿಂದ ಕೈ ತೆಗೆದರು. ಅವ್ವನ ಕಡೆ ತಿರುಗಿದರು. "ಬಿಚ್ಚಾಕ ಬರತೈತೇನು ತಂಗೀ?"

"ಭಾಳ ಸವದೈತ್ರಿ ಅದು. ಟಾಕಿ ಬಿಚ್ಚೂವಾಗ ಹರದ್ರೂ ಹರೀತು."

"ಹರದ್ರ ಅದೂ ಇಲ್ಲಂಗಾತು." ಅವರ ದಪ್ಪ ದನಿ ಸಣ್ಣಗಾಗಿತ್ತು. "ಆಕಿ ಉಟ್ಟದ್ದು ಉಳದದ್ದು ಅದೊಂದ ನೋಡು. ಬಾಕಿ ಎಲ್ಲಾ ನಾವು ಕೊಡಸಿದ್ವು, ಆಕಿ ಟ್ರಂಕಿನಾಗ ಇಟ್ಟಾಕಿ."

ಅವ್ವ ಕೌದಿ ಮಡಚಿದಳು. ಅದನ್ನು ಮತ್ತೆ ತಲೆಯ ಮೇಲೆ ಹೊತ್ತು ವಾಪಸು ರೈಲು ಹತ್ತಿದೆವು. ಹೊಲಿದುಕೊಟ್ಟ ಕೌದಿ ತಿರುಗಿ ಮನೆಗೆ ಬಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಅವ್ವ ಒಂದು ಮೂಲೆಯ ಟಾಕಿ ಬಿಚ್ಚಿ ನೋಡಿದಳು. ದಾರ ಎಳೆದಂತೆ ಇಳಕಲ್ಲಿನ ಎಳೆಯೂ ಅದರ ಜೊತೆಗೇ ಬಂತು. ಅಂಗೈಯಷ್ಟು ಜಾಗ ಜರಡಿಯಾಯಿತು. ಅವ್ವ ಸೂಜಿ ಕೆಳಗಿಟ್ಟಳು.

"ಇದ್ದಂಗ ಕೊಟ್ಟ ಬಾರವಾ," ಎಂದಳು ಅತ್ತೆ. "ಅಕ್ಕಾರ ಹೇಳಿದಂಗ ಹೊಲದೀದಿ. ನಿಂದೇನ ತಪ್ಪೈತಿ?"

"ತಪ್ಪ ಯಾರ ಅಂದಾರ? ಆಂವ ಕೈಯಾಡಸಿ ಹುಡಕಿದ್ದ ನೀ ನೋಡಿಲ್ಲ."

ಎರಡು ದಿನ ಕೌದಿ ಗೋಡೆಗೆ ಒರಗಿಕೊಂಡೇ ಇತ್ತು. ಅಪ್ಪನಿಗೆ ರಜೆಯಿದ್ದ ದಿನ ಅವನು ಹೊರಗೆ ಕೂತು ತಾನು ಮಲಗುವ ಹೊರಸು ಬಿಗಿಯುತ್ತಿದ್ದ. ಬಂದರಿನಲ್ಲಿ ಬೇಲುಗಳಿಗೆ ಬಿಗಿದಿರುವ ಪ್ಲಾಸ್ಟಿಕ್ ಪಟ್ಟಿಗಳನ್ನು ಕೂಲಿಯವರು ಮನೆಗೆ ತಂದು ಹೊರಸು ಹೆಣೆಯುತ್ತಾರೆ. ಬೆರಳಿಗಿಂತ ಅಗಲ ಕಡಿಮೆ, ಬಿರುಸು, ಆದರೆ ನುಣುಪು. ಅಪ್ಪ ಒಂದು ಪಟ್ಟಿಯನ್ನು ಉಳಿದ ಪಟ್ಟಿಗಳ ಕೆಳಗೆ ಸರಸರ ತೂರಿಸುವುದನ್ನು ನೋಡುತ್ತ ಅವ್ವ ಅಕ್ಕಿ ಆರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಮೊರ ಕೆಳಗಿಟ್ಟಳು.

"ಅದರಾಗಿಂದ ಒಂದ ಪಟ್ಟಿ ಕೊಡ್ರಿ ಇತ್ತ."

"ಯಾಕ? ನನ್ನ ಹೊರಸಿನ ಮ್ಯಾಲೂ ಕಣ್ಣು ಬಿತ್ತೇನು?"

ಅವ್ವ ಕೌದಿ ಎಳೆದು ಹರವಿದಳು. ಎರಡು ಟಾಕಿ ಸಾಲಿನ ನಡುವೆ ರೇಷ್ಮೆಯನ್ನು ಚೂರು ಕತ್ತರಿಸಿ, ಅದರ ಕೆಳಗೆ, ಇಳಕಲ್ಲಿನ ಮೇಲೆ, ಪಟ್ಟಿಯನ್ನು ತೂರಿಸಿದಳು. ಸಲೀಸಾಗಿ ಹೋಯಿತು. ಆಮೇಲೆ ಅರ್ಧ ಬ್ಲೇಡು ಹಿಡಿದು ಪಟ್ಟಿಯ ಮೇಲೆ ರೇಷ್ಮೆಯನ್ನು ಸೀಳಿದಳು. ಬ್ಲೇಡು ಪ್ಲಾಸ್ಟಿಕ್ಕಿಗೆ ತಾಗಿತೇ ಹೊರತು ಹಳೆಯ ಸೀರೆಗೆ ತಾಗಲಿಲ್ಲ. ಟಾಕಿಗಳನ್ನು ಮುಟ್ಟದೆ ಎರಡೂ ಬದಿಯ ರೇಷ್ಮೆಯನ್ನು ಕತ್ತರಿಯಿಂದ ತೆಗೆದಾಗ, ಆ ಸಾಲಿನುದ್ದಕ್ಕೂ ಕರಿಬೇವಿನ ಬಣ್ಣ ಕಂಡಿತು.

"ಯವ್ವಾ, ಬಂತು!" ಎಂದೆ ನಾನು.

"ಬಾಯಿ ಮಾಡಬ್ಯಾಡ. ಆಗಿದ್ದು ಇನ್ನೂ ಒಂದ ಸಾಲು," ಎಂದಳು.

ಅಲ್ಲಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಅತ್ತೆ ಎರಡೂ ಕೈಯಿಂದ ಕೌದಿಯನ್ನು ಬಿಗಿಹಿಡಿಯಬೇಕು, ಅವ್ವ ಸೀಳಬೇಕು, ಬ್ಲೇಡು ಮುಂದೆ ಬಂದಂತೆ ನಾನು ಪಟ್ಟಿಯನ್ನು ಮುಂದೆ ಸರಿಸಬೇಕು. ಪಟ್ಟಿ ಹಿಂದೆ ಉಳಿದರೆ ಬ್ಲೇಡು ನೇರವಾಗಿ ಅಜ್ಜಿಯ ಸೀರೆಗೆ. ನಾನು ಬೆರಳಷ್ಟು ಸರಿಸಿ, ಮುಟ್ಟಿ ನೋಡಿ, ಮತ್ತೆ ಬೆರಳಷ್ಟು ಸರಿಸುತ್ತಿದ್ದೆ.

"ಬಿ.ಕಾಂ. ಕೈ ಹಿಂಗ ಅಂಜಿದ್ರ ನಾಳೆ ಆಫೀಸಿನಾಗ ಸಹಿ ಹೆಂಗ ಮಾಡ್ತೀಯೇ?" ಎಂದು ಅತ್ತೆ ಕಿಚಾಯಿಸಿದಳು.

"ಅಲ್ಲಿ ನಿಮ್ಮಂಥಾ ಅತ್ತಿ ಎದರಿಗೆ ಕುಂತಿರೂದಿಲ್ಲಲ್ಲ," ಎಂದೆ.

ಸೆರಗಿನ ಹತ್ತಿರ ಪಟ್ಟಿ ಒಮ್ಮೆ ಡೊಂಕಾಯಿತು. ಅವ್ವ 'ಸ್ಸ್' ಎಂದು ಬ್ಲೇಡು ಎತ್ತಿಬಿಟ್ಟಳು. ಇಳಕಲ್ಲಿಗೆ ಉಗುರಿನಷ್ಟು ಸೀಳು ಬಿದ್ದಿತ್ತು. ಮೂವರೂ ಬಗ್ಗಿ ಅದನ್ನೇ ನೋಡಿದೆವು. ಅದು ದೊಡ್ಡದಾಗಲಿಲ್ಲ. ಸುತ್ತಲಿನ ಟಾಕಿಗಳು ಅದನ್ನು ಹಿಡಿದು ನಿಂತಿದ್ದವು. ಅವ್ವ ಅದಕ್ಕೂ, ಮೂಲೆಯ ಜರಡಿಗೂ ರೇಷ್ಮೆಯ ತ್ಯಾಪೆ ಹಚ್ಚಿದಳು.

ಮುಗಿದಾಗ ಕೌದಿ ಕೌದಿಯಂತಿರಲಿಲ್ಲ. ಮಾಸಿದ ಹಸಿರು, ಅದರ ಮೇಲೆ ಟಾಕಿಯ ಸಾಲುಗಳಿಗೆ ಅಂಟಿಕೊಂಡು ರೇಷ್ಮೆಯ ಎಳೆಗಳು ಪುರುಪುರು ಎದ್ದು ನಿಂತಿದ್ದವು. ನನಗೆ ಬಹಳ ಚಂದ ಕಂಡಿತು. ಅವ್ವ ಎದ್ದು ನಿಂತು ನೋಡಲೇ ಇಲ್ಲ.

"ಪುಕ್ಕ ಕಿತ್ತ ಕೋಳಿ ಕಂಡಂಗ ಕಾಣತೈತಿ. ಯಾರ ಹೊಲದ್ರು ಅಂತ ಯಾರಿಗೂ ಹೇಳಬ್ಯಾಡ್ರಿ ಅಂತ ಅವರಿಗೆ ಹೇಳಬೇಕು," ಎಂದಳು.

ಆ ವಾರವೇ ನನ್ನ ಫಲಿತಾಂಶವೂ ಬಂತು. ಪಾಸಾಗಿದ್ದೆ, ಫಸ್ಟ್ ಕ್ಲಾಸು. ಕುಡಚಡೆಯ ರೈಲಿನಲ್ಲಿ ಎದುರು ಕೂತಿದ್ದ ಮೀನಿನ ಬುಟ್ಟಿಯವಳಿಗೂ ಅವ್ವ ತನ್ನ ಮುರುಕು ಕೊಂಕಣಿಯಲ್ಲಿ ಅದನ್ನು ಹೇಳಿದಳು. ಕೌದಿಯ ಗಂಟಿನಲ್ಲಿ ಏನಿದೆ ಎಂದು ಆಕೆ ಕೇಳಿದಾಗ ಮಾತ್ರ, "ಏನಿಲ್ಲ, ಹಳೀ ಅರಿವಿ," ಎಂದು ಕನ್ನಡದಲ್ಲೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ನಾವು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗೋವೆಯಲ್ಲಿ ಆ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿ ಮಲಗುತ್ತವೆ. ಸಾವುಕಾರರು ಶಟರನ್ನು ಅರ್ಧ ಎಳೆದಿದ್ದರು. ಅದರಡಿ ಬಗ್ಗಿ ಒಳಗೆ ಬರಲು ನಮ್ಮನ್ನು ಕರೆದರು. ಈ ಸಲ ತಮಾಷೆ ಮಾಡಲಿಲ್ಲ. ಅವ್ವ ಗಂಟು ಬಿಚ್ಚಿ, ಮೇಜಿನ ಮೇಲೆ ಅರ್ಧವಷ್ಟೇ ಹರವಿ, ಸರಿದು ನಿಂತಳು.

ಅವರು ಅಂಗೈ ಇಟ್ಟರು. ಮೊದಲಿನಂತೆ ಒತ್ತಲಿಲ್ಲ, ಸುಮ್ಮನೆ ಇಟ್ಟರು. ಸೆರಗಿನ ಕೆಂಪು ಎಲ್ಲಿದೆಯೆಂದು ಹುಡುಕಿ ಅದನ್ನು ಎರಡು ಬೆರಳಿನಿಂದ ಹಿಡಿದರು. ಆಮೇಲೆ ಇಡೀ ಕೌದಿಯನ್ನು ಅವುಚಿಕೊಂಡು, ನಮಗೆ ಕೂರಿ ಎಂದೂ ಹೇಳದೆ, ಬಟ್ಟೆಯ ಥಾನುಗಳ ಹಿಂದೆ ಹೋದರು. ತಾವು ದಿನಾ ಮಲಗುವ ಹಲಗೆಯ ಮೇಲೆ ಅಡ್ಡಾಗಿ ಗದ್ದದವರೆಗೆ ಎಳೆದುಕೊಂಡರು.

ಅಕ್ಕಾರು ಚಹಾ ತಂದರು. ಗಂಡನ ಕಡೆ ನೋಡಿ, "ಅಯ್ಯ, ಈ ಸೆಕಿಯಾಗ ಕೌದಿ ಹೊತಗೊಂಡಾರ ನೋಡ್ರಿ! ಬೆವರ ಸುರ್ಯಾಕತ್ತಾವ," ಎಂದರು. ಸಾವುಕಾರರು ಕಣ್ಣು ತೆರೆಯಲಿಲ್ಲ. ನಾವು ಅರ್ಧ ಚಹಾ ಕುಡಿಯುವಷ್ಟರಲ್ಲಿ ಗೊರಕೆ ಕೇಳಿಸಿತು.

"ಅವರಿಗೆ ಒಂದೆರಡು ಮಾತು ಹೇಳೂದಿತ್ರಿ," ಎಂದಳು ಅವ್ವ.

"ಎಬ್ಬಸ್ಲೇನು?"

"ಬ್ಯಾಡ್ರಿ, ಬ್ಯಾಡ್ರಿ. ನಿಮಗ ಹೇಳ್ತೇನಿ. ಒಗಿಯೂವಾಗ ಬ್ರಶ್ ಹಚ್ಚಬ್ಯಾಡ್ರಿ. ಹಿಂಡಬ್ಯಾಡ್ರಿ. ನೆಳ್ಳಾಗ ಹಾಕ್ರಿ." ತುಸು ತಡೆದು ಕೇಳಿದಳು, "ಮತ್ತ ನಿಮ್ಮ ಬೀಗರು ಬಂದ್ರ?"

ಅಕ್ಕಾರು ತಮ್ಮ ಅತ್ತೆಯ ಸೀರೆಯನ್ನು ದೂರದಿಂದಲೇ ನೋಡಿದರು. "ಬಂದ್ರ ಬರ್ಲಿ. ಅಂಗಡ್ಯಾಗ ಚಾದರಕ್ಕೇನ ಬರಾ ಐತೇನು? ಅವರಿಗೆ ಹೊಸಾದ ಒಂದ ಹಾಸ್ತೇನಿ," ಎಂದು ಎದ್ದು ಹೋಗಿ, ಮೇಜಿನ ಕಡೆ ಮುಖ ಮಾಡಿದ್ದ ಫ್ಯಾನನ್ನು ಗಂಡನ ಕಡೆ ತಿರುಗಿಸಿದರು.